ಡಿವಿಡೆಂಡ್ ಘೋಷಣೆ ಆಯ್ತು ಅಂತ ಷೇರು ಕೊಂಡರೆ ನಿಜಕ್ಕೂ ಲಾಭ ಇದೆಯಾ?

ಸರಸ್ವತಿಪುರಂ_ಹೂಡಿಕೆ
ಎಲ್ಲರಿಗೂ ನಮಸ್ಕಾರ. ಮಂಡ್ಯದಲ್ಲಿರೋ ನಮ್ಮ ಚಿಕ್ಕಪ್ಪನ ವಿಷಯಕ್ಕೆ ಈ ಪ್ರಶ್ನೆ ಕೇಳ್ತಿದ್ದೀನಿ. ಅವರು ಒಂದು ಟೆಲಿಗ್ರಾಂ ಗುಂಪಿನಲ್ಲಿದ್ದಾರೆ. ಅಲ್ಲಿ ವಾರಕ್ಕೊಂದು ಪಟ್ಟಿ ಬರುತ್ತೆ: ಯಾವ ಕಂಪನಿ ಎಷ್ಟು ಡಿವಿಡೆಂಡ್ (ಲಾಭದಲ್ಲಿ ಷೇರುದಾರರಿಗೆ ಹಂಚೋ ಪಾಲು) ಘೋಷಿಸಿದೆ, ರೆಕಾರ್ಡ್ ಡೇಟ್ (ಷೇರು ಯಾರ ಹೆಸರಲ್ಲಿದೆ ಅಂತ ಕಂಪನಿ ನೋಡೋ ದಿನ) ಯಾವತ್ತು, ಯಾವತ್ತಿನೊಳಗೆ ಕೊಂಡುಕೊಳ್ಳಬೇಕು ಅಂತ. ಅದನ್ನ ನೋಡಿ ರೆಕಾರ್ಡ್ ಡೇಟ್‌ಗೆ ಹಿಂದಿನ ದಿನ 500 ರೂಪಾಯಿಯಂತೆ 200 ಷೇರು ತಗೊಂಡರು. ಷೇರಿಗೆ 20 ರೂಪಾಯಿ ಡಿವಿಡೆಂಡ್. ಅಂದರೆ ಲಕ್ಷ ರೂಪಾಯಿ ಹಾಕಿ ಒಂದೇ ದಿನಕ್ಕೆ 4,000 ಬಂತು ಅನ್ನೋ ಲೆಕ್ಕ. ಮರುದಿನ ಮಾರ್ಕೆಟ್ ತೆರೆದಾಗ ಷೇರು 481ಕ್ಕೆ ಬಂದು ಕೂತಿತ್ತು. ಕಂಪನಿಯವರೇ ಮೋಸ ಮಾಡಿದರು ಅಂತ ಚಿಕ್ಕಪ್ಪ ಸಿಟ್ಟಾಗಿದ್ದಾರೆ.

ನನಗೆ ಎರಡು ಅನುಮಾನ. ಡಿವಿಡೆಂಡ್ ಒಳ್ಳೆ ಸುದ್ದಿ ಅಂದಮೇಲೆ ಬೆಲೆ ಇಳಿಯೋದು ಯಾಕೆ? ಮಾರ್ಕೆಟ್‌ಗೆ ಎಲ್ಲಾ ಮೊದಲೇ ಗೊತ್ತಿರುತ್ತೆ ಅಂತಾರಲ್ಲ, ಹಾಗಿದ್ದರೆ ಘೋಷಣೆಯ ದಿನ ಕೆಲವು ಷೇರು ಜಿಗಿಯೋದು ಹೇಗೆ?

ವಿವಿ_ಮೊಹಲ್ಲಾ_ಆಡಿಟರ್
ಮೋಸ ಯಾರೂ ಮಾಡಿಲ್ಲ. ಕಂಪನಿಯ ಖಾತೆಯಲ್ಲಿದ್ದ ಹಣ ಷೇರುದಾರರ ಖಾತೆಗೆ ಹೋಯಿತು, ಅಷ್ಟು ಹಣ ಕಡಿಮೆಯಾದ ಕಂಪನಿಗೆ ಅಷ್ಟು ಬೆಲೆಯೂ ಕಡಿಮೆಯಾಯಿತು. 2023ರ ಜನವರಿ 27ರಿಂದ ನಮ್ಮಲ್ಲಿ ಎಲ್ಲಾ ಷೇರುಗಳ ವಹಿವಾಟು ಮರುದಿನವೇ ಇತ್ಯರ್ಥ ಆಗುತ್ತೆ, ಅಂದರೆ ಷೇರು ಕೊಂಡವರ ಖಾತೆಗೆ ಬರುತ್ತೆ. ಹಾಗಾಗಿ ಸಾಮಾನ್ಯವಾಗಿ ರೆಕಾರ್ಡ್ ಡೇಟ್ ಮತ್ತು ಎಕ್ಸ್ ಡೇಟ್ (ಷೇರು ಡಿವಿಡೆಂಡ್ ಇಲ್ಲದೆ ಮಾರಾಟ ಆಗೋಕೆ ಶುರುವಾಗೋ ದಿನ) ಒಂದೇ ದಿನ ಬೀಳುತ್ತೆ. ಅದರ ಹಿಂದಿನ ವಹಿವಾಟಿನ ದಿನ ಕೊಂಡವರಿಗೆ ಡಿವಿಡೆಂಡ್ ಸಿಗುತ್ತೆ, ಆ ದಿನ ಕೊಂಡವರಿಗೆ ಇಲ್ಲ. ಇಲ್ಲದ ಡಿವಿಡೆಂಡ್‌ಗೆ ಯಾರಾದರೂ 20 ರೂಪಾಯಿ ಹೆಚ್ಚಿಗೆ ಕೊಡ್ತಾರಾ?

ಇನ್ನು ತೆರಿಗೆ. ಇದನ್ನ ಟೆಲಿಗ್ರಾಂ ಪಟ್ಟಿಯಲ್ಲಿ ಯಾರೂ ಬರೆಯಲ್ಲ. 2020ರ ಏಪ್ರಿಲ್ 1ರ ತನಕ ಡಿವಿಡೆಂಡ್ ಹಂಚಿಕೆ ತೆರಿಗೆಯನ್ನ ಕಂಪನಿಯೇ ಕಟ್ಟುತ್ತಿತ್ತು. ಈಗ ಅದು ನಮ್ಮ ಆದಾಯಕ್ಕೆ ಸೇರಿ ನಮ್ಮ ಸ್ಲ್ಯಾಬ್ ಪ್ರಕಾರ ತೆರಿಗೆ ಬೀಳುತ್ತೆ. ನಿಮ್ಮ ಚಿಕ್ಕಪ್ಪ 30%ರ ಸ್ಲ್ಯಾಬ್‌ನಲ್ಲಿದ್ದಾರೆ ಅಂತ ಇಟ್ಟುಕೊಳ್ಳಿ, ಸೆಸ್ ಸೇರಿ 31.2%. 4,000ಕ್ಕೆ 1,248 ತೆರಿಗೆ. ಮರುದಿನ 481ಕ್ಕೆ ಮಾರಿದ್ದರೆ ಬೆಲೆಯಲ್ಲಿ ನಷ್ಟ 3,800. ಕೊಳ್ಳುವಾಗ, ಮಾರುವಾಗ ಎಸ್‌ಟಿಟಿ (ಷೇರು ವಹಿವಾಟಿನ ತೆರಿಗೆ) ಒಟ್ಟು 196, ಸ್ಟಾಂಪ್ ಶುಲ್ಕ 15. ಕೂಡಿ ಕಳೆದರೆ 1,259 ರೂಪಾಯಿ ಕೈಯಿಂದ ಹೋಯಿತು. ಬ್ರೋಕರೇಜ್, ಡಿಪಿ ಚಾರ್ಜು (ಷೇರು ಖಾತೆ ನಡೆಸುವವರ ಶುಲ್ಕ) ಇದರ ಮೇಲೆ.

ಆ 3,800ರ ನಷ್ಟವನ್ನ ಡಿವಿಡೆಂಡ್ ಆದಾಯದಲ್ಲಿ ಕಳೆಯೋಕೆ ಬರಲ್ಲ. ಅದು ಬಂಡವಾಳ ನಷ್ಟ, ಇದು ಇತರೆ ಮೂಲದ ಆದಾಯ. ಬೇರೆ ಷೇರು ಮಾರಿ ಲಾಭ ಬಂದಿದ್ದರೆ ಅದರಲ್ಲಿ ಮಾತ್ರ ಹೊಂದಿಸಬಹುದು, ಈ ವರ್ಷ ಆಗದಿದ್ದರೆ ಎಂಟು ವರ್ಷದ ತನಕ ಮುಂದಕ್ಕೆ ಒಯ್ಯಬಹುದು. ರಿಟರ್ನ್ಸ್ ಮಾಡಿಸೋಕೆ ಬರುವವರು ನನ್ನ ಟೇಬಲ್ ಮುಂದೆ ಕೂತು ಕೇಳೋ ಇನ್ನೊಂದು ಮಾತು, ಟಿಡಿಎಸ್ (ಹಣ ಕೊಡುವಾಗಲೇ ಮುರಿಯೋ ತೆರಿಗೆ) ಹಿಡಿದಿಲ್ಲವಲ್ಲ ಸಾರ್, ಮತ್ತೆ ತೆರಿಗೆ ಯಾಕೆ ಅಂತ. 2025ರ ಏಪ್ರಿಲ್‌ನಿಂದ ಒಂದು ಕಂಪನಿಯಿಂದ ವರ್ಷಕ್ಕೆ 10,000 ದಾಟಿದರೆ ಮಾತ್ರ ಟಿಡಿಎಸ್ ಹಿಡಿಯುತ್ತಾರೆ, ಅದಕ್ಕೂ ಮುಂಚೆ ಮಿತಿ 5,000 ಇತ್ತು. ಹಿಡಿಯಲಿಲ್ಲ ಅಂದ ಮಾತ್ರಕ್ಕೆ ತೆರಿಗೆ ಇಲ್ಲ ಅಂತಲ್ಲ.

ಮಂಡ್ಯ_ಕಬ್ಬಿನಗದ್ದೆ
ನಮ್ಮ ಕಡೆ ದನದ ಜಾತ್ರೇಲಿ ಗಬ್ಬದ ಹಸಕ್ಕೆ ಒಂದು ರೇಟು, ಕರು ಹಾಕಿ ಕರು ಬೇರೆಯವರ ಕೊಟ್ಟಿಗೆಗೆ ಹೋದ್ಮೇಲೆ ಅದೇ ಹಸಕ್ಕೆ ಇನ್ನೊಂದು ರೇಟು. ಗಬ್ಬದ ರೇಟು ಕೊಟ್ಟು ತಂದು, ಕರುನೂ ಇಟ್ಕೊಂಡು, ಆಮೇಲೆ ಹಸನ ಅದೇ ರೇಟಿಗೆ ಮಾರ್ತೀನಿ ಅಂದ್ರೆ ಯಾರಣ್ಣ ತಕ್ಕೊಂಡಾರು? ನಿಮ್ಮ ಚಿಕ್ಕಪ್ಪಂಗೆ ಹಿಂಗೆ ಹೇಳಿ, ಒಂದೇ ಮಾತಲ್ಲಿ ಅರ್ಥ ಆಯ್ತದೆ.

ಆದ್ರೆ ನಂದೂ ಒಂದು ಪ್ರಶ್ನೆ ಆಡಿಟರ್ ಸಾರ್. 20 ಕೊಟ್ಟ ಷೇರು 19 ಮಾತ್ರ ಇಳೀತು. ಆ ಒಂದು ರೂಪಾಯಿ ಎಲ್ಲಿ ಹೋಯ್ತು?

ಗಂಗೋತ್ರಿ_ವಿದ್ಯಾರ್ಥಿನಿ
ನಾನು ಮಾನಸಗಂಗೋತ್ರಿಯಲ್ಲಿ ಓದುತ್ತಿದ್ದೀನಿ, ನನ್ನ ಪ್ರಾಜೆಕ್ಟ್ ಇದೇ ವಿಷಯದ್ದು. ಆಡಿಟರ್ ಸಾರ್ ಹೇಳಿದ್ದು ಎಕ್ಸ್ ಡೇಟ್‌ನ ಲೆಕ್ಕ. ಸರಸ್ವತಿಪುರಂ ಅಣ್ಣ ಕೇಳಿದ ಎರಡನೇ ಪ್ರಶ್ನೆ ಘೋಷಣೆಯ ದಿನದ್ದು. ಈ ಎರಡು ದಿನಗಳನ್ನ ಒಂದಕ್ಕೊಂದು ಬೆರೆಸಿದರೆ ಎಲ್ಲಾ ಗೋಜಲಾಗುತ್ತೆ. ಎಕ್ಸ್ ಡೇಟ್‌ನಲ್ಲಿ ಹೊಸ ಸುದ್ದಿ ಏನೂ ಇಲ್ಲ, ಹಣ ಹೊರಗೆ ಹೋಗುತ್ತೆ ಅಷ್ಟೇ. ಘೋಷಣೆಯ ದಿನ ಹಣ ಎಲ್ಲೂ ಹೋಗಲ್ಲ, ಸುದ್ದಿ ಬರುತ್ತೆ.

ಸುದ್ದಿ ಅಂದರೆ ಏನು ಅನ್ನೋದೇ ಮುಖ್ಯ. ಟೈರು ಕಂಪನಿ ಎಂಆರ್‌ಎಫ್ ವರ್ಷಕ್ಕೆ ಎರಡು ಸಲ 3 ರೂಪಾಯಿ ಮಧ್ಯಂತರ (ವರ್ಷ ಮುಗಿಯೋಕೆ ಮುಂಚೆ ಕೊಡೋ) ಡಿವಿಡೆಂಡ್ ಕೊಡೋದು ರೂಢಿ. ಲಕ್ಷ ರೂಪಾಯಿ ದಾಟಿದ ಷೇರಿಗೆ 3 ರೂಪಾಯಿ. ಈ ಸಲವೂ 3 ಅಂದರೆ ಯಾರೂ ಕತ್ತೆತ್ತಿ ನೋಡಲ್ಲ, ಯಾಕಂದರೆ ನಿರೀಕ್ಷೆ ಇದ್ದದ್ದೇ ಅಷ್ಟು. ಬೆಲೆಯನ್ನ ಅಲ್ಲಾಡಿಸೋದು ಡಿವಿಡೆಂಡ್ ಮೊತ್ತ ಅಲ್ಲ, ನಿರೀಕ್ಷೆಗೂ ಘೋಷಣೆಗೂ ನಡುವಿನ ಅಂತರ. 10 ರೂಪಾಯಿ ಕೊಡುತ್ತೆ ಅಂತ ಎಲ್ಲರೂ ನಂಬಿದ್ದ ಕಂಪನಿ 8 ಕೊಟ್ಟರೆ ಷೇರು ಬೀಳಬಹುದು. ಏನೂ ಕೊಡಲ್ಲ ಅಂದುಕೊಂಡಿದ್ದ ಕಂಪನಿ 2 ಕೊಟ್ಟರೆ ಏರಬಹುದು.

ಈ ಅಂತರವನ್ನ ಅಳೆಯೋಕೆ ಒಂದು ವಿಧಾನ ಇದೆ. ಘೋಷಣೆಗೆ ಮುಂಚಿನ ಕೆಲವು ತಿಂಗಳಲ್ಲಿ ನಿಫ್ಟಿ (50 ದೊಡ್ಡ ಕಂಪನಿಗಳ ಷೇರು ಸೂಚ್ಯಂಕ) ಒಂದು ಪರ್ಸೆಂಟ್ ಏರಿದಾಗ ಈ ಷೇರು ಸಾಮಾನ್ಯವಾಗಿ ಎಷ್ಟು ಏರುತ್ತಿತ್ತು ಅಂತ ಮೊದಲು ನೋಡ್ತೀವಿ. ಘೋಷಣೆಯ ದಿನ ನಿಫ್ಟಿ ನಡೆದ ರೀತಿಗೆ ಈ ಷೇರು ಎಷ್ಟು ಏರಬೇಕಿತ್ತೋ ಅದನ್ನ ನಿಜವಾಗಿ ಏರಿದ್ದರಲ್ಲಿ ಕಳೆದರೆ ಉಳಿಯೋದು ಸುದ್ದಿಯ ಪ್ರಭಾವ. ಫಾಮಾ, ಫಿಶರ್, ಜೆನ್ಸನ್, ರೋಲ್ ಅನ್ನೋ ನಾಲ್ವರು ಅರ್ಥಶಾಸ್ತ್ರಜ್ಞರು 1969ರಲ್ಲಿ ಷೇರು ವಿಭಜನೆಗಳ (ಒಂದು ಷೇರನ್ನ ಹಲವು ಷೇರಾಗಿ ಒಡೆಯೋದು) ಮೇಲೆ ಈ ದಾರಿ ತೋರಿಸಿದರು. ಅವರ ಅಧ್ಯಯನದಲ್ಲೂ ಕೊನೆಗೆ ಡಿವಿಡೆಂಡೇ ಬಂದು ನಿಂತಿತು: ವಿಭಜನೆ ಆದಮೇಲೆ ಡಿವಿಡೆಂಡ್ ಏರಿಸಿದ ಕಂಪನಿಗಳ ಬೆಲೆ ಉಳಿದುಕೊಂಡಿತು, ಏರಿಸದವು ಗಳಿಸಿದ್ದನ್ನ ಕಳೆದುಕೊಂಡವು. ಮರುವರ್ಷ, 1970ರಲ್ಲಿ, ಫಾಮಾ ಮಾರುಕಟ್ಟೆಯ ದಕ್ಷತೆಯನ್ನ, ಅಂದರೆ ಮಾಹಿತಿ ಎಷ್ಟರ ಮಟ್ಟಿಗೆ ಬೆಲೆಯಲ್ಲಿ ಸೇರಿದೆ ಅನ್ನೋದನ್ನ, ಮೂರು ಮಟ್ಟದಲ್ಲಿ ವಿಂಗಡಿಸಿದರು. ಹಳೆಯ ಬೆಲೆಗಳ ಮಾಹಿತಿ ಮಾತ್ರ ಬೆಲೆಯಲ್ಲಿ ಸೇರಿರೋದು ಒಂದು, ಸಾರ್ವಜನಿಕವಾಗಿ ಗೊತ್ತಿರೋದೆಲ್ಲ ಸೇರಿರೋದು ಎರಡು, ಒಳಗಿನ ಗುಟ್ಟೂ ಸೇರಿರೋದು ಮೂರು. ಡಿವಿಡೆಂಡ್ ಘೋಷಣೆ ಪರೀಕ್ಷಿಸೋದು ಎರಡನೆಯದನ್ನ.

ಕುವೆಂಪುನಗರ_ನಿವೃತ್ತ
ಚರ್ಚೆ ಚೆನ್ನಾಗಿದೆ. ಆದರೆ ನನ್ನಂಥವರ ಮಾತನ್ನೂ ಸ್ವಲ್ಪ ಕೇಳಿ. ನಾನು ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಮೈಸೂರಿನ ಎಷ್ಟೋ ಮನೆಗಳಲ್ಲಿ ಇದ್ದ ಹಾಗೆ ನಮ್ಮ ಮನೆಯಲ್ಲೂ ಸ್ಟೇಟ್ ಬ್ಯಾಂಕ್ ಆಫ್ ಮೈಸೂರಿನ ಷೇರು ಇತ್ತು. 2017ರ ಏಪ್ರಿಲ್ 1ಕ್ಕೆ ವಿಲೀನ ಆದಾಗ 10 ಷೇರಿಗೆ ಎಸ್‌ಬಿಐನ 22 ಷೇರು ಕೊಟ್ಟರು. ಅವತ್ತಿನಿಂದ ಅದನ್ನ ಮಾರಿಲ್ಲ. ನಡುವೆ ಕೆಲವು ವರ್ಷ ಬಿಟ್ಟರೆ ವರ್ಷಕ್ಕೊಮ್ಮೆ ಡಿವಿಡೆಂಡ್ ಬರುತ್ತೆ, 2023-24ಕ್ಕೆ ಷೇರಿಗೆ 13.70, 2024-25ಕ್ಕೆ 15.90. ಎಕ್ಸ್ ಡೇಟ್‌ನಲ್ಲಿ ಬೆಲೆ ಎಷ್ಟು ಇಳಿಯಿತು ಅಂತ ನಾನು ನೋಡೋಕೆ ಹೋಗಲ್ಲ. ನನಗೆ ಅದು ಮೆಡಿಕಲ್ ಇನ್ಶೂರೆನ್ಸ್ ಕಂತು ಕಟ್ಟೋ ಹಣ.

ಇನ್ನೊಂದು ವಿಷಯ. ಲಾಭ ಅಂತ ಕಾಗದದಲ್ಲಿ ತೋರಿಸೋದು ಸುಲಭ, ಲೆಕ್ಕ ಬರೆಯೋ ರೀತಿ ಬದಲಿಸಿದರೆ ಲಾಭವೂ ಬದಲಾಗುತ್ತೆ. ನಗದು ಹಾಗಲ್ಲ. ಘೋಷಿಸಿದ 30 ದಿನದೊಳಗೆ ಷೇರುದಾರರ ಖಾತೆಗೆ ಹಾಕಲೇಬೇಕು ಅಂತ ಕಂಪನಿ ಕಾಯ್ದೆಯೇ ಹೇಳುತ್ತೆ. ವರ್ಷ ವರ್ಷ ತಪ್ಪದೆ ಕೊಡ್ತಿರೋ ಕಂಪನಿಯ ಲಾಭ ನಿಜವಾದದ್ದು ಅನ್ನೋ ನಂಬಿಕೆ ನನಗೆ. ಅದಕ್ಕೇ ಡಿವಿಡೆಂಡ್‌ನಿಂದ ಏನೂ ವ್ಯತ್ಯಾಸ ಇಲ್ಲ ಅನ್ನೋ ಪುಸ್ತಕದ ಮಾತು ನನಗೆ ಒಪ್ಪಿಗೆ ಆಗಲ್ಲ.

ಹೂಟಗಳ್ಳಿ_ಟೆಕ್ಕಿ
ಸಾರ್, ನಿಮಗೆ ಬೇಕಾದ ಹಣಕ್ಕೆ ವರ್ಷಕ್ಕೊಮ್ಮೆ ಒಂದೆರಡು ಷೇರು ಮಾರಿದರೂ ಅದೇ ಆಗುತ್ತಲ್ಲ? ಮಿಲ್ಲರ್ ಮತ್ತು ಮೊಡಿಗ್ಲಿಯಾನಿ 1961ರಲ್ಲೇ ಇದನ್ನ ತೋರಿಸಿದ್ದಾರೆ. ತೆರಿಗೆ, ಖರ್ಚು ಇಲ್ಲದ ಮಾರುಕಟ್ಟೆಯಲ್ಲಿ, ಕಂಪನಿ ಯಾವುದರಲ್ಲಿ ಬಂಡವಾಳ ಹೂಡುತ್ತೆ ಅನ್ನೋದು ಮೊದಲೇ ತೀರ್ಮಾನ ಆಗಿದ್ದರೆ, ಡಿವಿಡೆಂಡ್ ಕೊಟ್ಟರೂ ಕೊಡದಿದ್ದರೂ ಕಂಪನಿಯ ಬೆಲೆ ಒಂದೇ.

ನಮ್ಮೂರಲ್ಲೇ ಉದಾಹರಣೆ ಇದೆ. ಕೇನ್ಸ್ ಟೆಕ್ನಾಲಜಿ ಮೈಸೂರಿನ ಕಂಪನಿ, 2022ರ ನವೆಂಬರ್‌ನಲ್ಲಿ 587 ರೂಪಾಯಿಗೆ ಐಪಿಒ (ಸಾರ್ವಜನಿಕರಿಗೆ ಮೊದಲ ಸಲ ಷೇರು ಮಾರಾಟ) ಆಯ್ತು. ಡಿವಿಡೆಂಡ್ ಕೊಡದೆ ಗಳಿಸಿದ್ದನ್ನ ಕಾರ್ಖಾನೆಗೇ ಹಾಕ್ತಾ ಹೋಯ್ತು, ಷೇರು ಹಲವು ಪಟ್ಟು ಏರಿತು. ಕೊಳ್ಳಿ ಅಂತ ಹೇಳ್ತಿಲ್ಲ, ಆ ಬೆಲೆಯಲ್ಲಿ ಬೇರೆ ಅಪಾಯಗಳಿವೆ. ಡಿವಿಡೆಂಡ್ ಇಲ್ಲ ಅನ್ನೋದು ಬೆಲೆಗೆ ಅಡ್ಡಿ ಆಗಲಿಲ್ಲ ಅಂತಷ್ಟೇ.

ಇನ್ನೊಂದು ಕಡೆ ಗಣಿ, ಲೋಹದ ಕಂಪನಿ ವೇದಾಂತ ನೋಡಿ. 2022-23ರಲ್ಲಿ ಐದು ಸಲ ಮಧ್ಯಂತರ ಡಿವಿಡೆಂಡ್, ಒಟ್ಟು ಷೇರಿಗೆ 101.50. ವರ್ಷದ ಶುರುವಲ್ಲಿ 400ರ ಆಚೆ ಇದ್ದ ಷೇರು ವರ್ಷ ಮುಗಿಯೋ ಹೊತ್ತಿಗೆ 300ರ ಕೆಳಗೆ ಬಂದಿತ್ತು. ಲೋಹದ ಬೆಲೆಯೂ ಆ ವರ್ಷ ಇಳಿದಿತ್ತು, ಹಾಗಾಗಿ ಎಲ್ಲವನ್ನೂ ಡಿವಿಡೆಂಡ್ ತಲೆಗೆ ಕಟ್ಟೋಕೆ ಆಗಲ್ಲ. ಆದರೂ ಅಷ್ಟು ದೊಡ್ಡ ಡಿವಿಡೆಂಡ್‌ನ ಬಹುಪಾಲು ಹೋಗಿದ್ದು ಸುಮಾರು 70% ಷೇರು ಇಟ್ಟುಕೊಂಡಿದ್ದ ಲಂಡನ್‌ನ ಮಾತೃಸಂಸ್ಥೆಗೆ. ಆ ಸಂಸ್ಥೆಗೆ ಸಾಲ ತೀರಿಸೋ ತುರ್ತು ಇತ್ತು. ಘೋಷಣೆ ಬಂದಾಗಲೆಲ್ಲ ಮಾರ್ಕೆಟ್ ಅದರಲ್ಲಿ ಕಂಪನಿಯ ಸಾಮರ್ಥ್ಯದ ಜೊತೆಗೆ ಮಾಲೀಕರ ಅಗತ್ಯವನ್ನೂ ಓದುತ್ತಿತ್ತು.

ಕುವೆಂಪುನಗರ_ನಿವೃತ್ತ
ಒಂದೆರಡು ಷೇರು ಮಾರಿ ಅನ್ನೋದು ಲೆಕ್ಕದಲ್ಲಿ ಸರಿ ಇರಬಹುದಪ್ಪ. ಆದರೆ ಮಾರ್ಕೆಟ್ ಕುಸಿದಿರೋ ವರ್ಷ ಯಾವ ಬೆಲೆಗೆ ಮಾರಲಿ? ಡಿವಿಡೆಂಡ್ ಬಂದರೆ ಆ ಯೋಚನೆಯೇ ಇಲ್ಲ. ವಯಸ್ಸಾದವರಿಗೆ ಮಾರುವ ನಿರ್ಧಾರ ತೆಗೆದುಕೊಳ್ಳದೆ ಇರೋದೂ ಒಂದು ಬೆಲೆಯುಳ್ಳ ಸೌಕರ್ಯ. ವೇದಾಂತದ ವಿಷಯ ಒಪ್ಪಿದೆ. ಕೋಲ್ ಇಂಡಿಯಾ 2014ರ ಜನವರಿಯಲ್ಲಿ ಷೇರಿಗೆ 29 ರೂಪಾಯಿ ಕೊಟ್ಟಾಗಲೂ ಹೀಗೇ. ಆಗ ಸರ್ಕಾರದ ಪಾಲು 90%, ಬಜೆಟ್ ಕೊರತೆ ತುಂಬೋಕೆ ಹಣ ಬೇಕಿತ್ತು ಅಂತ ಎಲ್ಲರಿಗೂ ಗೊತ್ತಿತ್ತು.

ಗಂಗೋತ್ರಿ_ವಿದ್ಯಾರ್ಥಿನಿ
ಸಾರ್ ಹೇಳಿದ ಸರ್ಕಾರಿ ಕಂಪನಿಗಳ ವಿಷಯ ನನ್ನ ಪ್ರಾಜೆಕ್ಟ್‌ನಲ್ಲೂ ಬಂತು. ಕೇಂದ್ರದ ಉದ್ಯಮಗಳು ಲಾಭದ 30% ಅಥವಾ ನಿವ್ವಳ ಮೌಲ್ಯದ (ಆಸ್ತಿಯಲ್ಲಿ ಸಾಲ ಕಳೆದು ಉಳಿಯೋದರ) 4%, ಯಾವುದು ಹೆಚ್ಚೋ ಅಷ್ಟಾದರೂ ಕೊಡಬೇಕು ಅನ್ನೋ ಮಾರ್ಗಸೂಚಿ 2024ರ ನವೆಂಬರ್‌ನಲ್ಲಿ ಬಂತು. 2016ರದ್ದರಲ್ಲಿ ಎರಡನೇ ಅಂಕಿ 5% ಇತ್ತು. ನಿಯಮಕ್ಕಾಗಿ ಕೊಟ್ಟ ಡಿವಿಡೆಂಡ್‌ನಲ್ಲಿ ಆಡಳಿತ ಮಂಡಳಿಯ ವಿಶ್ವಾಸ ಎಷ್ಟಿದೆ ಅಂತ ಓದೋದು ಕಷ್ಟ.

ಇದಕ್ಕೆ ತದ್ವಿರುದ್ಧದ ಉದಾಹರಣೆ ಬ್ಯಾಂಕುಗಳದ್ದು. ಕೋವಿಡ್ ಶುರುವಾದಾಗ, 2020ರ ಏಪ್ರಿಲ್ 17ರಂದು ರಿಸರ್ವ್ ಬ್ಯಾಂಕು 2019-20ರ ಲಾಭದಿಂದ ಯಾವ ಬ್ಯಾಂಕೂ ಡಿವಿಡೆಂಡ್ ಕೊಡಬಾರದು ಅಂತ ತಡೆಯಿತು. ಗಟ್ಟಿ ಬ್ಯಾಂಕು, ಸೊರಗಿದ ಬ್ಯಾಂಕು ಎರಡೂ ಸೊನ್ನೆ. ಬೇರೆ ವರ್ಷದಲ್ಲಿ ಡಿವಿಡೆಂಡ್ ನಿಲ್ಲಿಸಿದರೆ ಏನೋ ಎಡವಟ್ಟಾಗಿದೆ ಅಂತ ಅರ್ಥ, ಆ ವರ್ಷ ಅದಕ್ಕೆ ಏನೂ ಅರ್ಥ ಇರಲಿಲ್ಲ. ಡಿವಿಡೆಂಡ್ ಒಂದು ಸೂಚನೆ ಆಗಬೇಕಾದರೆ ಕೊಡೋದು ಬಿಡೋದು ಕಂಪನಿಯ ಕೈಯಲ್ಲಿರಬೇಕು.

ಮಂಡ್ಯದ ಅಣ್ಣ ಕೇಳಿದ ಒಂದು ರೂಪಾಯಿಯ ಪ್ರಶ್ನೆ ಯಾರೂ ಮುಟ್ಟಲಿಲ್ಲ. ಆಡಿಟರ್ ಸಾರ್, ತೆರಿಗೆ ಲೆಕ್ಕ ನೀವೇ ಹೇಳಬೇಕು.

ವಿವಿ_ಮೊಹಲ್ಲಾ_ಆಡಿಟರ್
ಸಂತೋಷ. ಒಂದು ರೂಪಾಯಿ ಅವತ್ತಿನ ಮಾರ್ಕೆಟ್ ಏರಿಳಿತದಿಂದಲೂ ಆಗಿರಬಹುದು, ಒಂದು ಷೇರಿನ ಒಂದು ದಿನ ನೋಡಿ ಏನೂ ಹೇಳೋಕಾಗಲ್ಲ. ಆದರೆ ಬಹಳಷ್ಟು ಷೇರು ಸೇರಿಸಿ ನೋಡಿದಾಗಲೂ ಇಳಿಕೆ ಡಿವಿಡೆಂಡ್‌ಗಿಂತ ಸ್ವಲ್ಪ ಕಡಿಮೆ ಅನ್ನೋದು ಹಳೆಯ ಗಮನಿಕೆ. ಎಲ್ಟನ್ ಮತ್ತು ಗ್ರೂಬರ್ 1970ರಲ್ಲಿ ಇದಕ್ಕೆ ತೆರಿಗೆಯ ಕಾರಣ ಕೊಟ್ಟರು. ನಮ್ಮ ಇವತ್ತಿನ ದರಕ್ಕೆ ಅದನ್ನ ಹಚ್ಚಿ ನೋಡೋಣ.

ಒಬ್ಬರು ಹಲವು ವರ್ಷದಿಂದ ಷೇರು ಇಟ್ಟುಕೊಂಡಿದ್ದಾರೆ, ಮಾರೋಕೆ ನಿರ್ಧಾರ ಮಾಡಿದ್ದಾರೆ. ಎಕ್ಸ್ ಡೇಟ್‌ಗೆ ಮುಂಚೆ ಮಾರಬೇಕೋ ಆಮೇಲೆ ಮಾರಬೇಕೋ ಅನ್ನೋದಷ್ಟೇ ಪ್ರಶ್ನೆ. ಆಮೇಲೆ ಮಾರಿದರೆ ಒಂದು ರೂಪಾಯಿ ಡಿವಿಡೆಂಡ್‌ನಲ್ಲಿ ತೆರಿಗೆ ಕಳೆದು ಕೈಗೆ 68.8 ಪೈಸೆ. ಮುಂಚೆ ಮಾರಿದರೆ ಒಂದು ರೂಪಾಯಿ ಹೆಚ್ಚಿನ ಬೆಲೆಗೆ ದೀರ್ಘಾವಧಿ ಲಾಭದ ತೆರಿಗೆ 12.5%, ಸೆಸ್ ಸೇರಿ 13%, ಕೈಗೆ 87 ಪೈಸೆ. ಎರಡೂ ಸರಿಸಮ ಆಗಬೇಕಾದರೆ ರೂಪಾಯಿ ಡಿವಿಡೆಂಡ್‌ಗೆ ಬೆಲೆ ಇಳಿಯಬೇಕಾದ್ದು ಸುಮಾರು 79 ಪೈಸೆ. ವರ್ಷದೊಳಗೆ ಮಾರುವವರಿಗೆ ದರ 20%, ಅವರ ಲೆಕ್ಕಕ್ಕೆ ಸುಮಾರು 87 ಪೈಸೆ. ಮ್ಯೂಚುವಲ್ ಫಂಡ್‌ಗೆ ಎರಡರ ಮೇಲೂ ತೆರಿಗೆ ಇಲ್ಲ, ಅವರ ಪಾಲಿಗೆ ಪೂರ್ತಿ ರೂಪಾಯಿ ಇಳಿಯಬೇಕು. ಅವತ್ತು ಆ ಷೇರಿನಲ್ಲಿ ಯಾರ ಕೈ ಮೇಲಿದೆಯೋ ಅವರ ತೆರಿಗೆಗೆ ತಕ್ಕಂತೆ ಬೆಲೆ ಇಳಿಯುತ್ತೆ ಅನ್ನೋದು ಈ ವಾದ. ದೊಡ್ಡ ಕಂಪನಿಗಳ ಷೇರಿನಲ್ಲಿ ಫಂಡ್‌ಗಳ ಕೈ ದೊಡ್ಡದು, ಅಲ್ಲಿ ಇಳಿಕೆ ಡಿವಿಡೆಂಡ್‌ಗೆ ಹತ್ತಿರ ಇರಬೇಕು.

ಇದರಿಂದ ತಿಳಿಯೋದು ಒಂದು. ಹೆಚ್ಚಿನ ಸ್ಲ್ಯಾಬ್‌ನಲ್ಲಿರುವವರು ಡಿವಿಡೆಂಡ್‌ಗೋಸ್ಕರ ಹಿಂದಿನ ದಿನ ಕೊಳ್ಳೋದು ತೆರಿಗೆಯನ್ನ ಕೊಂಡ ಹಾಗೆ.

ಹೂಟಗಳ್ಳಿ_ಟೆಕ್ಕಿ
ಹಾಗಾದರೆ ಮಾರ್ಕೆಟ್ ದಕ್ಷ ಅಂತಾಯ್ತು. ತೆರಿಗೆ ಸಮೇತ ಲೆಕ್ಕ ಹಾಕಿ ಇಳಿಯುತ್ತೆ ಅಂದರೆ ಇನ್ನೇನು ಬೇಕು?

ಗಂಗೋತ್ರಿ_ವಿದ್ಯಾರ್ಥಿನಿ
ಅಷ್ಟು ಸಲೀಸಾಗಿ ಮುಗಿಯಲ್ಲ ಅಣ್ಣ. ಹಾಂಗ್‌ಕಾಂಗ್‌ನಲ್ಲಿ ಡಿವಿಡೆಂಡ್‌ಗೂ ತೆರಿಗೆ ಇಲ್ಲ, ಷೇರಿನ ಲಾಭಕ್ಕೂ ಇಲ್ಲ. ತೆರಿಗೆಯೇ ಕಾರಣ ಆಗಿದ್ದರೆ ಅಲ್ಲಿ ಡಿವಿಡೆಂಡ್‌ನಷ್ಟೇ ಬೆಲೆ ಇಳಿಯಬೇಕಿತ್ತು. ಫ್ರಾಂಕ್ ಮತ್ತು ಜಗನ್ನಾಥನ್ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಲ್ಲಿ ಸರಾಸರಿ ಡಿವಿಡೆಂಡ್ 12 ಸೆಂಟ್, ಸರಾಸರಿ ಇಳಿಕೆ 6 ಸೆಂಟ್. ಬರೀ ಅರ್ಧ. ಡಿವಿಡೆಂಡ್ ವಸೂಲಿಯ ರಗಳೆ ಬೇಡ ಅನ್ನುವವರು ಎಕ್ಸ್ ಡೇಟ್‌ಗೆ ಮುಂಚೆ ಮಾರ್ತಾರೆ, ಕೊಳ್ಳೋ ಮನಸ್ಸಿರುವವರು ಆ ದಿನದ ತನಕ ಕಾಯ್ತಾರೆ ಅನ್ನೋದು ಅವರ ವಿವರಣೆ. ಹಿಂದಿನ ದಿನದ ಕೊನೆಯ ವಹಿವಾಟು ಮಾರುವವರು ಒಪ್ಪಿದ ಕಡಿಮೆ ಬೆಲೆಗೆ ನಡೆದಿರುತ್ತೆ, ಎಕ್ಸ್ ಡೇಟ್‌ನಲ್ಲಿ ಕೊಳ್ಳುವವರು ಕೊಟ್ಟ ಹೆಚ್ಚಿನ ಬೆಲೆಗೆ ನಡೆಯುತ್ತೆ. ಹಾಗಾಗಿ ಇಳಿಕೆ ಕಮ್ಮಿ ಕಾಣುತ್ತೆ.

ಘೋಷಣೆಯ ದಿನದ್ದು ಇದಕ್ಕಿಂತ ಗಂಭೀರ. ಅಮೆರಿಕದ ಕಂಪನಿಗಳ ಮೇಲೆ ಮೈಕೇಲಿ, ಥೇಲರ್, ವೊಮ್ಯಾಕ್ 1995ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಮೊದಲ ಸಲ ಡಿವಿಡೆಂಡ್ ಶುರುಮಾಡಿದ ಕಂಪನಿಗಳ ಷೇರು ಘೋಷಣೆಯ ಆಸುಪಾಸಿನಲ್ಲಿ ಸರಾಸರಿ 3%ಕ್ಕಿಂತ ಸ್ವಲ್ಪ ಹೆಚ್ಚು ಏರಿತು. ಡಿವಿಡೆಂಡ್ ನಿಲ್ಲಿಸಿದ ಕಂಪನಿಗಳದ್ದು ಸುಮಾರು 7% ಬಿತ್ತು. ಒಳ್ಳೆ ಸುದ್ದಿಗಿಂತ ಕೆಟ್ಟ ಸುದ್ದಿಗೆ ಎರಡರಷ್ಟು ಪೆಟ್ಟು. ಅಲ್ಲಿಗೇ ನಿಂತಿದ್ದರೆ ಮಾರ್ಕೆಟ್ ದಕ್ಷ ಅನ್ನಬಹುದಿತ್ತು. ಆದರೆ ನಿಲ್ಲಿಸಿದ ಕಂಪನಿಗಳು ಆಮೇಲೆ ತಿಂಗಳುಗಟ್ಟಲೆ ಮಾರುಕಟ್ಟೆಗಿಂತ ಕೆಳಗೇ ಜಾರುತ್ತಾ ಹೋದವು, ಶುರುಮಾಡಿದವು ಮೇಲೇರುತ್ತಾ ಹೋದವು. ಎಲ್ಲರ ಕಣ್ಣಿಗೆ ಬಿದ್ದ ಸುದ್ದಿ ಬೆಲೆಯೊಳಗೆ ಪೂರ್ತಿ ಇಳಿಯೋಕೆ ಅಷ್ಟು ಕಾಲ ಬೇಕಾಯ್ತು ಅಂದರೆ ಫಾಮಾ ಹೇಳಿದ ಎರಡನೇ ಮಟ್ಟದ ದಕ್ಷತೆಗೆ ಅದು ಸವಾಲೇ. ಫಾಮಾಗೆ 2013ರಲ್ಲಿ ನೊಬೆಲ್ ಬಂತು, ಥೇಲರ್‌ಗೆ 2017ರಲ್ಲಿ. ವಾದ ಇನ್ನೂ ಮುಗಿದಿಲ್ಲ.

ಮಂಡ್ಯ_ಕಬ್ಬಿನಗದ್ದೆ
ಅಲ್ಲಾ ತಂಗಿ, ಹಂಗಾದ್ರೆ ಹೊಸದಾಗಿ ಡಿವಿಡೆಂಡ್ ಕೊಟ್ಟ ಕಂಪನಿ ಷೇರು ತಕ್ಕೊಂಡು ವರ್ಷ ಇಟ್ಕೊಂಡ್ರೆ ದುಡ್ಡಾಯ್ತದೆ ಅಂತಾಯ್ತಲ್ಲ? ಇಲ್ಲಿ ಗದ್ದೆ ಬದೀಲಿ ಕೂತ್ಕೊಂಡು ಮೊಬೈಲ್ನಲ್ಲೇ ತಕ್ಕೊಬೋದು ಬುಡಿ.

ಗಂಗೋತ್ರಿ_ವಿದ್ಯಾರ್ಥಿನಿ
ಅದು ಅಮೆರಿಕದಲ್ಲಿ 1964ರಿಂದ 1988ರ ತನಕದ ಲೆಕ್ಕ ಅಣ್ಣ, ಮತ್ತೆ ಸರಾಸರಿ. ಒಂದೊಂದು ಕಂಪನಿಯದ್ದು ಹೇಗೆ ಬೇಕಾದರೂ ಆಗಬಹುದು. ಇಂಥ ಅಧ್ಯಯನ ಹೊರಗೆ ಬಂದಮೇಲೆ ಅದನ್ನೇ ಹಿಡಿದು ವ್ಯಾಪಾರ ಮಾಡುವವರು ಹೆಚ್ಚಾಗ್ತಾರೆ, ಆಗ ಆ ಲಾಭ ಸವೆಯುತ್ತೆ. ಇದನ್ನ ನಂಬಿ ಬೆಳೆ ಹಣ ಹಾಕಬೇಡಿ, ದಯವಿಟ್ಟು.

ವಿವಿ_ಮೊಹಲ್ಲಾ_ಆಡಿಟರ್
ಈ ಸಲಹೆಗೆ ನನ್ನದೂ ದನಿ ಸೇರಿಸ್ತೀನಿ. ಅದರ ಜೊತೆಗೆ, ನಮ್ಮಲ್ಲಿ ಸುದ್ದಿ ಹೊರಗೆ ಬರೋ ದಾರಿಯನ್ನ ಸರಿಯಾಗಿ ತಿಳಿದುಕೊಳ್ಳಬೇಕು. ಟೆಲಿಗ್ರಾಂ ಪಟ್ಟಿ ಆ ದಾರಿಯ ತುತ್ತತುದಿಯಲ್ಲಿದೆ.

ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿಯ ನಿಯಮದಂತೆ, ಡಿವಿಡೆಂಡ್ ಬಗ್ಗೆ ಚರ್ಚಿಸಲು ಆಡಳಿತ ಮಂಡಳಿ ಸೇರುತ್ತೆ ಅನ್ನೋದನ್ನ ಕಂಪನಿ ಕನಿಷ್ಠ ಎರಡು ಕೆಲಸದ ದಿನ ಮುಂಚೆ ಎಕ್ಸ್‌ಚೇಂಜ್‌ಗೆ ತಿಳಿಸಬೇಕು. ಅಂದರೆ ಮೊದಲ ಸುದ್ದಿ ಬರೋದು ಆಗಲೇ. ವಿಶೇಷ ಡಿವಿಡೆಂಡ್ ಅಂತ ಆ ನೋಟಿಸ್‌ನಲ್ಲೇ ಇದ್ದರೆ ಬೆಲೆ ಅವತ್ತೇ ಅರ್ಧ ದಾರಿ ನಡೆದಿರುತ್ತೆ. ಸಭೆ ಮುಗಿದ 30 ನಿಮಿಷದೊಳಗೆ ತೀರ್ಮಾನ ತಿಳಿಸಬೇಕು. ವಹಿವಾಟಿನ ಸಮಯ ಮುಗಿದ ಮೇಲೆ ಸಭೆ ಮುಗಿದರೆ ಮೂರು ಗಂಟೆ ಅವಕಾಶ ಕೊಟ್ಟಿದ್ದಾರೆ. ಆ ಕಾಗದ ಎಕ್ಸ್‌ಚೇಂಜ್ ವೆಬ್‌ಸೈಟಿಗೆ ಬಿದ್ದ ಕ್ಷಣದಲ್ಲಿ ಅದನ್ನ ಓದೋದು ಕಂಪ್ಯೂಟರ್‌ಗಳು. ರೆಕಾರ್ಡ್ ಡೇಟ್ ಅದಾದ ಎಷ್ಟೋ ದಿನಕ್ಕೆ ಬರುತ್ತೆ. ಅಷ್ಟು ಹೊತ್ತಿಗೆ ಪಟ್ಟಿ ನೋಡಿ ಕೊಳ್ಳೋಕೆ ಹೋಗೋದು, ಊರೆಲ್ಲಾ ಕೊಳ್ಳೆ ಹೋದಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಕಂಪನಿಯೊಳಗಿನವರಿಗೆ ಇದು ಮುಂಚೆ ಗೊತ್ತಿರುತ್ತೆ, ಅದಕ್ಕೇ ಡಿವಿಡೆಂಡ್ ವಿಷಯವನ್ನೂ ಸೆಬಿ ಬೆಲೆ ಅಲ್ಲಾಡಿಸಬಲ್ಲ ಗುಪ್ತ ಮಾಹಿತಿ ಅಂತಲೇ ಪಟ್ಟಿ ಮಾಡಿದೆ. ತ್ರೈಮಾಸಿಕ ಮುಗಿದಾಗಿನಿಂದ ಫಲಿತಾಂಶ ಹೊರಬಿದ್ದು 48 ಗಂಟೆ ಆಗೋ ತನಕ ಒಳಗಿನವರು ಸ್ವಂತ ಕಂಪನಿಯ ಷೇರು ಮುಟ್ಟುವಂತಿಲ್ಲ. ಮೂರನೇ ಮಟ್ಟದ ದಕ್ಷತೆ ಕಾನೂನಿನ ಪ್ರಕಾರ ಇರಲೇಬಾರದು ಅಂದಹಾಗಾಯ್ತು.

ಕುವೆಂಪುನಗರ_ನಿವೃತ್ತ
ನಾವು ಷೇರು ಶುರುಮಾಡಿದ ಕಾಲದಲ್ಲಿ ಇದೆಲ್ಲ ಎಲ್ಲಿತ್ತು. ಎನ್‌ಎಸ್‌ಇ (ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ) ವಹಿವಾಟು ಶುರುವಾಗಿದ್ದೇ 1994ರಲ್ಲಿ, ಕಾಗದದ ಬದಲು ಕಂಪ್ಯೂಟರ್ ಖಾತೆಯಲ್ಲಿ ಷೇರು ಇಡೋ ಡಿಮ್ಯಾಟ್ ಬಂದಿದ್ದು 1996ರಲ್ಲಿ. ಅದಕ್ಕೆ ಮುಂಚೆ ಘೋಷಣೆ ತಿಳಿಯುತ್ತಿದ್ದದ್ದು ಮರುದಿನದ ಪೇಪರಿನಲ್ಲಿ. ಆರ್ಡರ್ ಹೋಗುತ್ತಿದ್ದದ್ದು ಸಬ್ ಬ್ರೋಕರ್ ಫೋನ್ ಮಾಡಿ ಬೆಂಗಳೂರಿಗೆ ಲೈನ್ ಸಿಕ್ಕಮೇಲೆ. ಚೆಕ್ಕಿನಂಥ ಡಿವಿಡೆಂಡ್ ವಾರಂಟು ಅಂಚೆಯಲ್ಲಿ ಬರುತ್ತಿತ್ತು. ತೆಳು ಕಾಗದ, ಒಂದು ಬದಿಯಲ್ಲಿ ಹರಿದಿಟ್ಟುಕೊಳ್ಳೋ ಚೀಟಿ, ಅದರಲ್ಲಿ ಫೋಲಿಯೋ ನಂಬರು, ಷೇರು ಎಷ್ಟು, ಮೊತ್ತ ಎಷ್ಟು. ನಾನು ಕೌಂಟರಿನಲ್ಲಿ ಕೂತಿದ್ದಾಗ ಅವಧಿ ಮೀರಿದ ವಾರಂಟು ತಂದು ಕೊಡುವವರು ಎಷ್ಟು ಜನ! ಮತ್ತೆ ಕಂಪನಿಗೆ ಬರೆದು ಹೊಸದು ತರಿಸಿಕೊಳ್ಳಬೇಕಿತ್ತು. ಸುದ್ದಿ ನಿಧಾನ, ಹಣ ಇನ್ನೂ ನಿಧಾನ. ಆ ಮಾರ್ಕೆಟ್ಟನ್ನೂ ಇವತ್ತಿನದನ್ನೂ ಒಂದೇ ಅಳತೆಯಲ್ಲಿ ಅಳೆಯಬೇಡಿ.

ಇದನ್ನ ಓದುತ್ತಿರುವವರು ಮನೆಯ ಹಳೆಯ ಫೈಲು ಒಮ್ಮೆ ತೆಗೆದು ನೋಡಿ. ಏಳು ವರ್ಷ ಯಾರೂ ಪಡೆಯದ ಡಿವಿಡೆಂಡ್ ಸರ್ಕಾರದ ಹೂಡಿಕೆದಾರರ ನಿಧಿಗೆ ಹೋಗುತ್ತೆ, ಸತತ ಏಳು ವರ್ಷ ಪಡೆಯದಿದ್ದರೆ ಷೇರೇ ಹೋಗುತ್ತೆ. ವಾಪಸ್ ಕೇಳೋಕೆ ಅವಕಾಶ ಇದೆ, ಆದರೆ ಓಡಾಟ ಬಹಳ.

ಹೂಟಗಳ್ಳಿ_ಟೆಕ್ಕಿ
ಹಳೆಯ ಕಾಲದ ವಿವರಕ್ಕೆ ಧನ್ಯವಾದ ಸಾರ್, ಇದು ನಮಗೆ ಎಲ್ಲೂ ಸಿಗಲ್ಲ. ಹಾಗಿದ್ದರೆ ದಕ್ಷತೆ ಅನ್ನೋದು ಮಾರ್ಕೆಟ್‌ಗೆ ಒಂದೇ ಸಲ ಕೊಡೋ ಸರ್ಟಿಫಿಕೇಟ್ ಅಲ್ಲ, ಷೇರಿಂದ ಷೇರಿಗೆ ಬೇರೆ ಅಂತ ಒಪ್ಕೋತೀನಿ. ಇನ್ಫೋಸಿಸ್ ತಗೊಳ್ಳಿ. ಐದು ವರ್ಷದಲ್ಲಿ ಬರೋ ಮುಕ್ತ ನಗದಿನ (ಖರ್ಚು, ಹೂಡಿಕೆ ಕಳೆದು ಉಳಿಯೋ ಹಣದ) ಸುಮಾರು 85% ಡಿವಿಡೆಂಡ್ ಮತ್ತು ಬೈಬ್ಯಾಕ್ (ಕಂಪನಿಯೇ ತನ್ನ ಷೇರು ವಾಪಸ್ ಕೊಳ್ಳೋದು) ಮೂಲಕ ವಾಪಸ್ ಕೊಡ್ತೀವಿ ಅಂತ ಮೊದಲೇ ಬರೆದಿಟ್ಟಿದೆ. 2024-25ರಲ್ಲಿ 21 ಮತ್ತು 22, ಒಟ್ಟು 43. ಇದನ್ನ ಕೂತು ಅಂದಾಜು ಮಾಡೋ ವಿಶ್ಲೇಷಕರು ಹತ್ತಾರು ಜನ. ಅಲ್ಲಿ ಅಚ್ಚರಿಗೆ ಜಾಗ ಕಡಿಮೆ. ದಿನಕ್ಕೆ ನಾಲ್ಕು ಜನ ಕೊಂಡು ಮಾರೋ ಸಣ್ಣ ಷೇರಿನಲ್ಲಿ ಯಾರೂ ಅಂದಾಜು ಮಾಡಿರಲ್ಲ, ಸುದ್ದಿ ಬಂದರೂ ಬೆಲೆ ದಿನಗಟ್ಟಲೆ ನಡೆಯುತ್ತೆ. ಆದರೆ ಅಲ್ಲಿ ಕೊಂಡವರಿಗೆ ಮಾರೋಕೆ ಗಿರಾಕಿ ಸಿಗಲ್ಲ. ನಿಧಾನ ಇದ್ದರೂ ಅದರಿಂದ ಹಣ ಮಾಡೋದು ಕಷ್ಟ.

ಗಂಗೋತ್ರಿ_ವಿದ್ಯಾರ್ಥಿನಿ
ಎಲ್ಲರಿಗೂ ಒಂದು ಸಹಾಯ ಕೇಳಬೇಕು. ನನ್ನ ಪ್ರಾಜೆಕ್ಟ್‌ಗೆ ದೊಡ್ಡ ತೊಡಕಾಗಿರೋದು, ನಮ್ಮಲ್ಲಿ ಅಂತಿಮ ಡಿವಿಡೆಂಡ್ ಶಿಫಾರಸು ವಾರ್ಷಿಕ ಫಲಿತಾಂಶದ ಸಭೆಯಲ್ಲೇ ಆಗುತ್ತೆ. ಟಿಸಿಎಸ್ 2025ರ ಜನವರಿ 9ರಂದು 10 ರೂಪಾಯಿ ಮಧ್ಯಂತರ, 66 ರೂಪಾಯಿ ವಿಶೇಷ ಡಿವಿಡೆಂಡ್ ಘೋಷಿಸಿತು, ಮರುದಿನ ಷೇರು ಜೋರಾಗಿ ಏರಿತು. ಆದರೆ ಅದೇ ಕಾಗದದಲ್ಲಿ ತ್ರೈಮಾಸಿಕ ಫಲಿತಾಂಶವೂ ಇತ್ತು, ಹೊಸ ಆರ್ಡರ್‌ಗಳ ದೊಡ್ಡ ಮೊತ್ತವೂ ಇತ್ತು. ಏರಿಕೆಯಲ್ಲಿ ಡಿವಿಡೆಂಡ್ ಪಾಲು ಎಷ್ಟು ಅಂತ ಬಿಡಿಸೋಕೆ ಆಗಲ್ಲ. ಜನವರಿಯಲ್ಲಿ ವಿಶೇಷ ಡಿವಿಡೆಂಡ್ ಬರುತ್ತೆ ಅನ್ನೋದೂ ಹೊಸದಲ್ಲ, 2023ರಲ್ಲಿ 67, 2024ರಲ್ಲಿ 18 ಬಂದಿತ್ತು. ಫಲಿತಾಂಶ ಇಲ್ಲದೆ ಬರೀ ಡಿವಿಡೆಂಡ್‌ಗೆ ಸೇರಿದ ಸಭೆಗಳನ್ನ ಮಾತ್ರ ತಗೊಂಡರೆ ಲೆಕ್ಕ ಶುದ್ಧ ಆಗುತ್ತೆ, ಆದರೆ ಅಂಥವು ಕೆಲವೇ.

ವಿವಿ_ಮೊಹಲ್ಲಾ_ಆಡಿಟರ್
ಕೆಲವೇ ಇದ್ದರೂ ಅವನ್ನೇ ತಗೊಳ್ಳಮ್ಮ. ಬೆರೆತ ನೂರಕ್ಕಿಂತ ಶುದ್ಧವಾದ ಇಪ್ಪತ್ತು ಮೇಲು. ಘೋಷಣೆಯ ದಿನದ ಬದಲು ಮಂಡಳಿ ಸಭೆಯ ನೋಟಿಸ್ ಬಂದ ದಿನದಿಂದ ಲೆಕ್ಕ ಹಿಡಿ. ಮಾಲೀಕರ ಸಾಲದ ಕಾರಣಕ್ಕೆ, ಸರ್ಕಾರದ ಮಾರ್ಗಸೂಚಿಗೆ ಕೊಟ್ಟವನ್ನ ಬೇರೆ ಗುಂಪು ಮಾಡು. 2020ರ ಏಪ್ರಿಲ್‌ಗೆ ಮುಂಚಿನದು, ಆಮೇಲಿನದು ಬೆರೆಸಬೇಡ, ತೆರಿಗೆ ಬೇರೆ. ಕೊನೆಗೆ ಒಂದು: ನಿಫ್ಟಿ 50 ಸೂಚ್ಯಂಕದಲ್ಲಿ ಮಾಮೂಲಿ ಡಿವಿಡೆಂಡ್ ಲೆಕ್ಕಕ್ಕೆ ಬರಲ್ಲ, ಡಿವಿಡೆಂಡ್ ಸೇರಿಸಿ ಲೆಕ್ಕ ಹಾಕೋ ಒಟ್ಟು ಪ್ರತಿಫಲದ ಸೂಚ್ಯಂಕ ಬೇರೆ ಇದೆ. ಮ್ಯೂಚುವಲ್ ಫಂಡ್‌ಗಳು ಅದರ ಜೊತೆಗೇ ಹೋಲಿಸಿಕೊಳ್ಳಬೇಕು ಅಂತ ಸೆಬಿ 2018ರ ಫೆಬ್ರವರಿಯಿಂದ ಕಡ್ಡಾಯ ಮಾಡಿದೆ. ನೀನು ಷೇರಿನ ಕಡೆ ಡಿವಿಡೆಂಡ್ ಸೇರಿಸಿ, ಸೂಚ್ಯಂಕದ ಕಡೆ ಬಿಟ್ಟರೆ ತಕ್ಕಡಿ ವಾಲುತ್ತೆ.

ಮಂಡ್ಯ_ಕಬ್ಬಿನಗದ್ದೆ
ಪೇಪರಲ್ಲಿ ಎಂಆರ್‌ಎಫ್ 2,290 ಪರ್ಸೆಂಟ್ ಡಿವಿಡೆಂಡ್ ಅಂತ ಹಾಕಿದ್ರು ಒಂದ್ಸಲ. ನೂರಕ್ಕೆ 2,290 ಅಂದ್ಕೊಂಡು ನಮ್ಮೂರ ಹುಡುಗ್ರು ಬಾಯಿ ಬಿಟ್ಕೊಂಡು ನೋಡಿದ್ರು. ಅದೇನು ಸಾರ್ ಲೆಕ್ಕ?

ವಿವಿ_ಮೊಹಲ್ಲಾ_ಆಡಿಟರ್
ಅದು ಮುಖಬೆಲೆಯ, ಅಂದರೆ ಷೇರಿಗೆ ಕಂಪನಿ ನಮೂದಿಸಿದ ಮೂಲ ಬೆಲೆಯ, ಮೇಲಿನ ಪರ್ಸೆಂಟ್. ಎಂಆರ್‌ಎಫ್ ಷೇರಿನ ಮುಖಬೆಲೆ 10 ರೂಪಾಯಿ, 2024-25ರ ಅಂತಿಮ ಡಿವಿಡೆಂಡ್ 229. ಹತ್ತಕ್ಕೆ 229 ಅಂದರೆ 2,290%. ಆದರೆ ನಿಮ್ಮ ಹುಡುಗರು ಕೊಳ್ಳೋದು ಮುಖಬೆಲೆಗೆ ಅಲ್ಲ, ಲಕ್ಷಕ್ಕೂ ಮೇಲಿನ ಮಾರುಕಟ್ಟೆ ಬೆಲೆಗೆ. ಎರಡು ಮಧ್ಯಂತರ ಸೇರಿ ವರ್ಷಕ್ಕೆ 235. ಷೇರು ಬರೀ ಒಂದು ಲಕ್ಷ ಅಂತ ಹಿಡಿದರೂ 0.235%, ಲಕ್ಷಕ್ಕೆ 235 ರೂಪಾಯಿ. ಪರ್ಸೆಂಟ್ ಕಂಡಾಗ ಮೊದಲು ಷೇರಿಗೆ ಎಷ್ಟು ರೂಪಾಯಿ ಅಂತ ನೋಡಿ, ಆಮೇಲೆ ಅದನ್ನ ಇವತ್ತಿನ ಬೆಲೆಯಿಂದ ಭಾಗಿಸಿ ಅಂತ ಅವರಿಗೆ ಹೇಳಿ. ಕಂಪನಿ ಎಕ್ಸ್‌ಚೇಂಜ್‌ಗೆ ಕೊಡೋ ಕಾಗದದಲ್ಲಿ ಷೇರಿಗೆ ಇಷ್ಟು ರೂಪಾಯಿ ಅಂತಲೂ ಬರೆದಿರುತ್ತೆ.